ಉಬ್ಬಸ: ವಿಜ್ಞಾನ ಮುಂದೆ, ಚಿಕಿತ್ಸೆ ಹಿಂದೆ

‘ಸೈಟೋಕೈನ್’ ಎಂಬ ಪದ 2020ರವರೆಗೆ ವೈದ್ಯಕೀಯ ಕಾಲೇಜುಗಳ ತರಗತಿಗಳ ಆಚೆ ಕೇಳಿಬರುತ್ತಿದ್ದುದು ವಿರಳ. ಕೋವಿಡ್ ಬಂದ ಮೇಲೆ ‘ಸೈಟೋಕೈನ್ ಬಿರುಗಾಳಿ’ ಎಂಬುದು ದಿನಪತ್ರಿಕೆಗಳ ಮುಖಪುಟ ಏರಿತು. ವೈರಾಣುವಿಗಿಂತಲೂ ಅದರ ವಿರುದ್ಧ ಶರೀರವೇ ಹೂಡುವ ಯುದ್ಧ ಕೆಲವು ರೋಗಿಗಳ ಪ್ರಾಣಕ್ಕೆ ಎರವಾಗುತ್ತದೆ ಎಂಬ ಸಂಗತಿ ಜನಸಾಮಾನ್ಯರಿಗೂ ಮನವರಿಕೆಯಾಯಿತು. ಸೋಂಕು ಹಿಮ್ಮೆಟ್ಟಿದಂತೆ ಆ ಪದವೂ ಮರೆಗೆ ಸರಿಯಿತು. ಆದರೆ ಅದೇ ಕುಲಕ್ಕೆ ಸೇರಿದ ಸಂದೇಶವಾಹಕ ಅಣುಗಳು ಯಾವ ಬಿರುಗಾಳಿಯ ಸದ್ದೂ ಇಲ್ಲದೆ ಕೋಟ್ಯಂತರ ಭಾರತೀಯರ ಶ್ವಾಸನಾಳಗಳಲ್ಲಿ ಪ್ರತಿನಿತ್ಯ ಕಿಡಿ ಹಚ್ಚುತ್ತಿವೆ. ಆ ಕಿಡಿಗೆ ನಮ್ಮ ಹಿರಿಯರು ಇಟ್ಟ ಹೆಸರು ಉಬ್ಬಸ, ಗೂರಲು, ದಮ್ಮು. ವೈದ್ಯರು ಅದನ್ನು ಅಸ್ತಮಾ ಎನ್ನುತ್ತಾರೆ.

ಜಾಗತಿಕ ರೋಗಭಾರದ 2019ರ ಅಂದಾಜಿನ ಪ್ರಕಾರ ಭಾರತದಲ್ಲಿ ಸುಮಾರು 3.4 ಕೋಟಿ ಅಸ್ತಮಾ ರೋಗಿಗಳಿದ್ದಾರೆ. ಇದು ಜಗತ್ತಿನ ಒಟ್ಟು ರೋಗಿಗಳ ಶೇ 13ರಷ್ಟು. ಆದರೆ ಅಸ್ತಮಾದಿಂದ ಸಂಭವಿಸುವ ಸಾವುಗಳಲ್ಲಿ ನಮ್ಮ ಪಾಲು ಶೇ 40ಕ್ಕೂ ಹೆಚ್ಚು. ಈ ಎರಡು ಅಂಕಿಗಳ ನಡುವಿನ ಕಂದಕವೇ ಈ ಲೇಖನದ ವಸ್ತು. ನಮ್ಮವರ ಶ್ವಾಸಕೋಶಗಳು ಬೇರೆಯವರವಕ್ಕಿಂತ ದುರ್ಬಲವಾಗಿರುವುದರಿಂದ ಹೀಗಾಗುತ್ತಿದೆ ಎನ್ನಲು ಆಧಾರವಿಲ್ಲ. ರೋಗದ ಬಗ್ಗೆ ವಿಜ್ಞಾನ ಕಂಡುಕೊಂಡದ್ದಕ್ಕೂ ನಮ್ಮ ರೋಗಿಯ ಕೈಗೆ ಸಿಗುತ್ತಿರುವ ಔಷಧಕ್ಕೂ ತಾಳಮೇಳ ಇಲ್ಲದಿರುವುದೇ ಮುಖ್ಯ ಕಾರಣಗಳಲ್ಲಿ ಒಂದು.

ಬೆಂಕಿ ಎಲ್ಲಿ, ಹೊಗೆ ಎಲ್ಲಿ?

ಇಪ್ಪತ್ತನೆಯ ಶತಮಾನದ ಬಹುಭಾಗ ಅಸ್ತಮಾವನ್ನು ಸ್ನಾಯುಗಳ ಕಾಯಿಲೆಯೆಂದೇ ಭಾವಿಸಲಾಗಿತ್ತು. ಶ್ವಾಸನಾಳವನ್ನು ಸುತ್ತುವರಿದ ಸ್ನಾಯುಗಳು ಹಿಡಿದುಕೊಳ್ಳುತ್ತವೆ, ಗಾಳಿ ಹೋಗುವ ದಾರಿ ಕಿರಿದಾಗುತ್ತದೆ, ಸಿಳ್ಳೆಯಂತಹ ಸದ್ದು ಬರುತ್ತದೆ. ಆದ್ದರಿಂದ ಸ್ನಾಯುಗಳನ್ನು ಸಡಿಲಗೊಳಿಸಿದರೆ ಸಾಕು ಎಂಬುದು ಅಂದಿನ ತರ್ಕ. 1969ರಲ್ಲಿ ಮಾರುಕಟ್ಟೆಗೆ ಬಂದ ಸಾಲ್ಬುಟಮಾಲ್ ಆ ತರ್ಕದ ಯಶಸ್ವಿ ಫಲ. ಅದನ್ನು ಸೇದಿದ ಕೆಲವೇ ನಿಮಿಷಗಳಲ್ಲಿ ಉಸಿರು ಹಗುರವಾಗುತ್ತದೆ. ಆದರೆ ಸ್ನಾಯುಗಳು ಹಿಡಿದುಕೊಳ್ಳುವುದು ಹೊಗೆಯಷ್ಟೇ, ಬೆಂಕಿ ಇರುವುದು ನಾಳದ ಒಳಪದರದಲ್ಲಿ ಎಂಬುದು ನಂತರದ ದಶಕಗಳಲ್ಲಿ ಸ್ಪಷ್ಟವಾಗುತ್ತ ಬಂತು.

ಆ ಬೆಂಕಿಯ ಜಾಡು ಹಿಡಿದ ಕಥೆ ಸ್ವಾರಸ್ಯಕರ. ಅಲರ್ಜಿಗೆ ಕಾರಣವಾದ ಇಮ್ಯುನೊಗ್ಲಾಬ್ಯುಲಿನ್-ಇ ಎಂಬ ಪ್ರತಿಕಾಯವನ್ನು 1960ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದಲ್ಲಿದ್ದ ಜಪಾನಿ ದಂಪತಿ ಕಿಮಿಷಿಗೆ ಹಾಗೂ ತೆರುಕೊ ಇಷಿಜಾಕಾ ಒಂದೆಡೆ, ಸ್ವೀಡನ್ನಿನ ಸಂಶೋಧಕರು ಮತ್ತೊಂದೆಡೆ ಗುರುತಿಸಿದರು. ಈ ಪ್ರತಿಕಾಯವನ್ನು ತಯಾರಿಸಲು ಆಜ್ಞೆ ಕೊಡುವವರು ಯಾರು ಎಂಬ ಪ್ರಶ್ನೆ ಉಳಿಯಿತು. 1986ರಲ್ಲಿ ಟಿಮ್ ಮೊಸ್‌ಮನ್ ಮತ್ತು ರಾಬರ್ಟ್ ಕಾಫ್‌ಮನ್ ಸಹಾಯಕ ಟಿ ಕೋಶಗಳಲ್ಲಿ ಎರಡು ಬಣಗಳಿವೆಯೆಂದು ಇಲಿಗಳಲ್ಲಿ ತೋರಿಸಿಕೊಟ್ಟರು. ಅವುಗಳಲ್ಲಿ ಎರಡನೆಯ ಬಣವೇ ಅಲರ್ಜಿಯ ಸೂತ್ರಧಾರಿ. ಅದು ಮುಖ್ಯವಾಗಿ ಮೂರು ಸಂದೇಶವಾಹಕ ಅಣುಗಳ ಮೂಲಕ ಮಾತಾಡುತ್ತದೆ. ಇಂಟರ್‌ಲ್ಯೂಕಿನ್-4 ಪ್ರತಿಕಾಯ ತಯಾರಿಸುವ ಕೋಶಗಳಿಗೆ ಆದೇಶ ಕೊಡುತ್ತದೆ. ಇಂಟರ್‌ಲ್ಯೂಕಿನ್-5 ಎಲುಬಿನ ಮಜ್ಜೆಗೆ ಸುದ್ದಿ ಮುಟ್ಟಿಸಿ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳ ದಂಡನ್ನು ಕರೆಸುತ್ತದೆ. ಇಂಟರ್‌ಲ್ಯೂಕಿನ್-13 ಲೋಳೆಯನ್ನು ಹೆಚ್ಚಿಸಿ, ಸ್ನಾಯುಗಳನ್ನು ಅತಿಸೂಕ್ಷ್ಮಗೊಳಿಸಿ, ಕಾಲಕ್ರಮದಲ್ಲಿ ನಾಳದ ಗೋಡೆಯನ್ನೇ ದಪ್ಪಗಾಗಿಸುತ್ತದೆ.

ಈಚಿನ ದಶಕಗಳ ಸಂಶೋಧನೆ ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಹೋಗಿದೆ. ಶ್ವಾಸನಾಳದ ಒಳಪದರವೆಂದರೆ ಬರೀ ಗೋಡೆ ಎಂದುಕೊಂಡಿದ್ದೆವು. ಅದು ಕಾವಲುಗಾರನೂ ಹೌದು. ಮನೆಯ ಧೂಳಿನಲ್ಲಿರುವ ನುಸಿ, ಜಿರಳೆಯ ಹಿಕ್ಕೆ, ನಾವು ‘ಕಾಂಗ್ರೆಸ್ ಗಿಡ’ ಎಂದು ಕರೆಯುವ ಪಾರ್ಥೇನಿಯಂನ ಪರಾಗ, ಡೀಸೆಲ್ ಹೊಗೆಯ ಕಣ, ಕೊನೆಗೆ ಸಾಧಾರಣ ನೆಗಡಿಯ ವೈರಾಣು ತಾಗಿದರೂ ಈ ಕಾವಲುಗಾರ ಅಪಾಯದ ಗಂಟೆ ಬಾರಿಸುತ್ತಾನೆ. ಟಿಎಸ್‌ಎಲ್‌ಪಿ, ಇಂಟರ್‌ಲ್ಯೂಕಿನ್-33, ಇಂಟರ್‌ಲ್ಯೂಕಿನ್-25 ಎಂಬ ಅಣುಗಳೇ ಆ ಗಂಟೆಯ ಸದ್ದು. ಗಂಟೆ ಕೇಳಿದ ಕೂಡಲೇ ಮೇಲೆ ಹೇಳಿದ ಎರಡನೆಯ ಸಾಲಿನ ಸಂದೇಶವಾಹಕರು ಕಾರ್ಯಪ್ರವೃತ್ತರಾಗುತ್ತಾರೆ.

ಈ ವ್ಯವಸ್ಥೆ ಪ್ರಕೃತಿಯ ಪ್ರಮಾದವೆಂದು ತಿಳಿಯಬೇಕಿಲ್ಲ. ಕರುಳಿನ ಹುಳುಗಳಂತಹ ಪರೋಪಜೀವಿಗಳನ್ನು ಹೊರದಬ್ಬಲು ಲಕ್ಷಾಂತರ ವರ್ಷಗಳಲ್ಲಿ ರೂಪುಗೊಂಡ ಸೇನೆ ಇದು. ಹುಳುವಿನ ಮೇಲೆ ಬೀಳಬೇಕಾದ ಸೇನೆ ಹೂವಿನ ಪರಾಗದ ಮೇಲೆ ದಂಡೆತ್ತಿ ಹೋಗುವುದೇ ಅಲರ್ಜಿಯ ದುರಂತ. ಎಲ್ಲ ಅಸ್ತಮಾವೂ ಇದೇ ಬಗೆಯದಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಧೂಮಪಾನ, ಬೊಜ್ಜು, ಕೆಲವು ಬಗೆಯ ಸೋಂಕಿನ ಹಿನ್ನೆಲೆಯಿರುವ ರೋಗಿಗಳಲ್ಲಿ ಇಂಟರ್‌ಲ್ಯೂಕಿನ್-17ರಂತಹ ಬೇರೆ ಅಣುಗಳ ಕೈವಾಡ ಕಾಣುತ್ತದೆ. ಅಸ್ತಮಾ ಎಂಬ ಒಂದೇ ಹೆಸರಿನ ಹಿಂದೆ ಹಲವು ರೋಗಗಳಿವೆ.

ಸೋಲು ಕಲಿಸಿದ ಪಾಠ

ಸಂದೇಶವಾಹಕನ ಗುರುತು ಸಿಕ್ಕ ಮೇಲೆ ಅವನನ್ನು ದಾರಿಯಲ್ಲೇ ತಡೆಯುವ ಯೋಚನೆ ಸಹಜ. ಇಂಟರ್‌ಲ್ಯೂಕಿನ್-5ನ್ನು ಹಿಡಿದುಹಾಕುವ ಮೆಪೊಲಿಜುಮ್ಯಾಬ್ ಎಂಬ ಔಷಧದ ಮೊದಲ ಪ್ರಯೋಗದ ವರದಿ 2000ದಲ್ಲಿ ಪ್ರಕಟವಾದಾಗ ವೈದ್ಯಲೋಕ ನಿರಾಶೆಗೊಂಡಿತು. ರಕ್ತದಲ್ಲಿ ಇಯೊಸಿನೊಫಿಲ್ ಇಳಿದಿತ್ತು, ರೋಗ ಇಳಿದಿರಲಿಲ್ಲ. ಔಷಧವನ್ನು ಬದಿಗಿಡುವ ಮಾತೂ ಕೇಳಿಬಂತು. ಆದರೆ ಪ್ರಯೋಗಕ್ಕೆ ಸಿಕ್ಕಸಿಕ್ಕ ರೋಗಿಗಳನ್ನೆಲ್ಲ ಸೇರಿಸುವ ಬದಲು ಇಯೊಸಿನೊಫಿಲ್ ಹೆಚ್ಚಿದ್ದು ಪದೇ ಪದೇ ಉಲ್ಬಣಗೊಳ್ಳುವ ರೋಗಿಗಳನ್ನಷ್ಟೇ ಆಯ್ದುಕೊಂಡು 2009ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳು ಅದೇ ಔಷಧ ಫಲಕಾರಿಯೆಂದು ತೋರಿಸಿದವು. ಔಷಧ ಬದಲಾಗಿರಲಿಲ್ಲ, ಪ್ರಶ್ನೆ ಬದಲಾಗಿತ್ತು. 2015ರಲ್ಲಿ ಅದಕ್ಕೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಇಂಟರ್‌ಲ್ಯೂಕಿನ್-13 ಒಂದನ್ನೇ ತಡೆಯುವ ಔಷಧಗಳು ಅಸ್ತಮಾದಲ್ಲಿ ನಿರೀಕ್ಷಿತ ಫಲ ಕೊಡದಿದ್ದಾಗ, 4 ಮತ್ತು 13 ಎರಡೂ ಬಳಸುವ ಒಂದೇ ಬಾಗಿಲಿಗೆ ಬೀಗ ಹಾಕುವ ಡುಪಿಲುಮ್ಯಾಬ್ 2018ರಲ್ಲಿ ಬಂತು. ಅಪಾಯದ ಗಂಟೆಯನ್ನೇ ಸುಮ್ಮನಾಗಿಸುವ ಟೆಜೆಪೆಲುಮ್ಯಾಬ್‌ಗೆ 2021ರ ಡಿಸೆಂಬರಿನಲ್ಲಿ ಅನುಮತಿ ಸಿಕ್ಕಿತು. ಆರು ತಿಂಗಳಿಗೊಂದು ಚುಚ್ಚುಮದ್ದು ಸಾಕಾಗುವ ಡೆಪೆಮೊಕಿಮ್ಯಾಬ್‌ನ ಪ್ರಯೋಗ ವರದಿ 2024ರಲ್ಲಿ ಹೊರಬಂದಿದೆ.

ಅದೇ ವರ್ಷ ಪ್ರಕಟವಾದ ಬ್ರಿಟನ್ನಿನ ಮತ್ತೊಂದು ಅಧ್ಯಯನ ಇನ್ನೂ ಕುತೂಹಲಕರ. ಇಯೊಸಿನೊಫಿಲ್ ಹೆಚ್ಚಿದ್ದು ರೋಗ ಉಲ್ಬಣಗೊಂಡು ಬಂದ 158 ರೋಗಿಗಳಲ್ಲಿ ಕೆಲವರಿಗೆ ವಾಡಿಕೆಯಂತೆ ಸ್ಟೀರಾಯ್ಡ್ ಮಾತ್ರೆ, ಉಳಿದವರಿಗೆ ಬೆನ್ರಾಲಿಜುಮ್ಯಾಬ್ ಚುಚ್ಚುಮದ್ದನ್ನು ಒಂದು ಬಾರಿ ಕೊಡಲಾಯಿತು. ಇವರಲ್ಲಿ ಅರ್ಧದಷ್ಟು ಮಂದಿಗೆ ಮಾತ್ರೆಯೂ ಜೊತೆಗಿತ್ತು. ತೊಂಬತ್ತು ದಿನಗಳಲ್ಲಿ ಮಾತ್ರೆಯನ್ನಷ್ಟೇ ಪಡೆದವರಲ್ಲಿ ಶೇ 74ರಷ್ಟು ಮಂದಿಗೆ ಚಿಕಿತ್ಸೆ ವಿಫಲವಾದರೆ, ಚುಚ್ಚುಮದ್ದು ಪಡೆದವರಲ್ಲಿ ಆ ಪ್ರಮಾಣ ಶೇ 45. ಅರ್ಧ ಶತಮಾನದಿಂದ ಬದಲಾಗದ ತುರ್ತು ಚಿಕಿತ್ಸೆ ಬದಲಾಗಬಹುದೆಂಬ ಸೂಚನೆ ಇದು.

ಆದರೆ ಈ ಔಷಧಗಳ ಬೆಲೆ ತಿಂಗಳಿಗೆ ಹತ್ತಾರು ಸಾವಿರ ರೂಪಾಯಿ ಮುಟ್ಟುತ್ತದೆ. ಅವು ಬೇಕಾಗಿರುವುದು ಅತಿ ತೀವ್ರ ಅಸ್ತಮಾ ಇರುವ ಸಣ್ಣ ಪ್ರಮಾಣದ ರೋಗಿಗಳಿಗೆ ಮಾತ್ರ. ಮಿಕ್ಕ ಬಹುಪಾಲು ರೋಗಿಗಳಿಗೆ ಏನು ಬೇಕು? ಉತ್ತರ ಹೊಸದೇನಲ್ಲ. 1972ರಿಂದಲೂ ಬಳಕೆಯಲ್ಲಿರುವ, ಸೇದುವ ಸ್ಟೀರಾಯ್ಡ್. ಹೊಸ ಔಷಧ ಒಂದೆರಡು ಸಂದೇಶವಾಹಕರನ್ನು ಹಿಡಿದರೆ, ಈ ಹಳೆಯ ಔಷಧ ಶ್ವಾಸನಾಳದ ಕೋಶಗಳೊಳಗೆ ಹೊಕ್ಕು ಇಂಥ ಹಲವು ಅಣುಗಳ ತಯಾರಿಕೆಯನ್ನೇ ಏಕಕಾಲಕ್ಕೆ ತಗ್ಗಿಸುತ್ತದೆ. ಸೇದುವ ರೂಪದಲ್ಲಿ ಬೇಕಾಗುವುದು ಮೈಕ್ರೋಗ್ರಾಂಗಳಲ್ಲಿ ಎಣಿಸುವ ಪ್ರಮಾಣವಾದ್ದರಿಂದ, ಮಾತ್ರೆಗಳಿಂದ ಬರುವ ಮಧುಮೇಹ, ಮೂಳೆ ಸವೆತದಂತಹ ಅಪಾಯಗಳು ಬಹಳ ಕಡಿಮೆ.

ಸೈಟೋಕೈನ್‌ಗಳ ಬಗೆಗಿನ ನಾಲ್ಕು ದಶಕಗಳ ಸಂಶೋಧನೆ ಸಾಮಾನ್ಯ ರೋಗಿಗೆ ಕೊಡುವ ಸಂದೇಶ ಇಷ್ಟೇ: ಉಸಿರು ಕಟ್ಟಿದಾಗ ಮಾತ್ರ ಔಷಧ ಸೇದುವುದು ಬೆಂಕಿಯನ್ನು ಬಿಟ್ಟು ಹೊಗೆಗೆ ಬೀಸಣಿಗೆ ಬೀಸಿದಂತೆ. ಜಾಗತಿಕ ಅಸ್ತಮಾ ಮಾರ್ಗಸೂಚಿಯನ್ನು ರೂಪಿಸುವ ‘ಗಿನಾ’ ಸಂಸ್ಥೆ 2019ರಲ್ಲಿ ಇದನ್ನು ಅಧಿಕೃತಗೊಳಿಸಿತು. ಹನ್ನೆರಡು ವರ್ಷ ದಾಟಿದ ಯಾವ ರೋಗಿಗೂ ಸಾಲ್ಬುಟಮಾಲ್‌ನಂತಹ ಶಮನಕಾರಿಯೊಂದನ್ನೇ ಕೊಡಬಾರದು. ರೋಗ ಸೌಮ್ಯವಾಗಿದ್ದರೂ ಜೊತೆಯಲ್ಲಿ ಸ್ಟೀರಾಯ್ಡ್ ಇರಲೇಬೇಕು ಎಂಬುದು ಅದರ ತಾತ್ಪರ್ಯ.

ನಮ್ಮ ವಾಸ್ತವ

ಈಗ ನಮ್ಮಲ್ಲಿನ ಸ್ಥಿತಿ ನೋಡೋಣ. ಮೈಸೂರು ಸೇರಿದಂತೆ ದೇಶದ ಒಂಬತ್ತು ಕೇಂದ್ರಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಒಳಗೊಂಡು ನಡೆದ ‘ಗ್ಲೋಬಲ್ ಅಸ್ತಮಾ ನೆಟ್‌ವರ್ಕ್’ ಅಧ್ಯಯನದ ವರದಿ 2022ರಲ್ಲಿ ಪ್ರಕಟವಾಯಿತು. ಉಬ್ಬಸದ ಲಕ್ಷಣಗಳಿದ್ದವರಲ್ಲಿ ಶೇ 82ರಷ್ಟು ಮಂದಿಗೆ ಅದು ಅಸ್ತಮಾ ಎಂದು ಯಾರೂ ಹೇಳಿರಲಿಲ್ಲ. ಅಂಥವರಲ್ಲಿ ಪ್ರತಿದಿನ ಸೇದುವ ಸ್ಟೀರಾಯ್ಡ್ ಬಳಸುತ್ತಿದ್ದವರು ಶೇ 2.5ಕ್ಕಿಂತ ಕಡಿಮೆ. ಅಂದರೆ ನೂರರಲ್ಲಿ 97 ಮಂದಿ ಬೆಂಕಿ ಆರಿಸುವ ಔಷಧವನ್ನು ನಿತ್ಯ ಬಳಸುತ್ತಿರಲಿಲ್ಲ.

ಇದಕ್ಕೆ ರೋಗಿಗಳನ್ನಷ್ಟೇ ದೂರುವುದು ಸುಲಭ. ‘ಪಂಪು ಹಿಡಿದರೆ ಬಿಡಲಾಗದು’, ‘ಅದು ಕೊನೆಯ ಹಂತದ ಔಷಧಿ’ ಎಂಬ ಮಾತುಗಳು ಓದಿದವರ ಮನೆಗಳಲ್ಲೂ ಕೇಳಿಬರುತ್ತವೆ. ಮದುವೆ ವಯಸ್ಸಿನ ಮಗಳ ಇನ್ಹೇಲರನ್ನು ನೆಂಟರ ಕಣ್ಣಿಗೆ ಬೀಳದಂತೆ ಬಚ್ಚಿಡುವ ತಾಯಂದಿರಿದ್ದಾರೆ. ಮೃಗಶಿರಾ ಮಳೆ ಹುಟ್ಟುವ ದಿನ ಹೈದರಾಬಾದಿನಲ್ಲಿ ಜೀವಂತ ಮೀನಿನ ಬಾಯಿಗಿಟ್ಟು ನುಂಗಿಸುವ ಔಷಧಿಗಾಗಿ ಕರ್ನಾಟಕದಿಂದಲೂ ಜನ ಹೋಗುತ್ತಾರೆ. ಅಸ್ತಮಾ ತಾನಾಗಿಯೇ ಏರಿಳಿಯುವ ಕಾಯಿಲೆಯಾದ್ದರಿಂದ ಇಂಥ ಯಾವುದೇ ಉಪಚಾರ ಕೆಲವರಿಗೆ ಫಲಿಸಿದಂತೆ ಕಾಣುವುದೂ ಸಹಜ. ಆದರೆ ಮೂಢನಂಬಿಕೆಯೆಂದು ಜರೆಯುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಹೋಬಳಿ ಮಟ್ಟದ ಆಸ್ಪತ್ರೆಗೆ ಬರುವ ಉಬ್ಬಸದ ರೋಗಿಗೆ ನಾವು ಕೊಡುವುದೇನು? ಒಂದು ಚುಚ್ಚುಮದ್ದು, ಕೆಲವು ಮಾತ್ರೆ, ಕೆಮ್ಮಿನ ಸಿರಪ್ ಕೊಟ್ಟು ಕಳುಹಿಸುವುದು ಇನ್ನೂ ಅಪರೂಪವಾಗಿಲ್ಲ. ರೋಗದ ಸ್ವರೂಪವನ್ನು ಐದು ನಿಮಿಷ ಕೂರಿಸಿ ವಿವರಿಸುವ ವ್ಯವಧಾನ ನಮ್ಮ ವ್ಯವಸ್ಥೆಗೆ ಇಲ್ಲ. ಆ ತೆರವನ್ನು ಬೇರೆ ಯಾರೋ ತುಂಬುತ್ತಾರೆ.

ನೀತಿಯ ಮಟ್ಟದಲ್ಲೂ ಈ ವೈರುಧ್ಯ ಕಾಣುತ್ತದೆ. ಸ್ಟೀರಾಯ್ಡ್ ಇನ್ಹೇಲರುಗಳು ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿವೆ. ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮವನ್ನು 2023ರಲ್ಲಿ ಪರಿಷ್ಕರಿಸಿದಾಗ ಅಸ್ತಮಾವನ್ನೂ ಅದರ ವ್ಯಾಪ್ತಿಗೆ ತರಲಾಯಿತು. ಕಾಗದದ ಮೇಲೆ ಕೊರತೆ ಇಲ್ಲ. ಆದರೆ ರಕ್ತದೊತ್ತಡ, ಮಧುಮೇಹದ ಮಾತ್ರೆ ಸಿಗುವಷ್ಟು ಸಲೀಸಾಗಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇನ್ಹೇಲರ್ ಸಿಗುವುದಿಲ್ಲ. 2024ರ ಅಕ್ಟೋಬರಿನಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ಎಂಟು ಔಷಧಗಳ ಗರಿಷ್ಠ ಬೆಲೆಯನ್ನು ಶೇ 50ರಷ್ಟು ಏರಿಸಿತು. ತಯಾರಿಕೆ ನಷ್ಟದ ಬಾಬತ್ತಾದರೆ ಔಷಧವೇ ಮಾಯವಾದೀತೆಂಬುದು ಅದರ ಸಮರ್ಥನೆ. ಆ ಪಟ್ಟಿಯಲ್ಲಿ ಸಾಲ್ಬುಟಮಾಲ್ ಮಾತ್ರೆಯೂ ಇತ್ತು. ಬಾಯಿಂದ ನುಂಗುವ ಸಾಲ್ಬುಟಮಾಲ್ ಸೇದುವುದಕ್ಕಿಂತ ನಿಧಾನ, ಅಡ್ಡಪರಿಣಾಮವೂ ಹೆಚ್ಚು ಎಂಬುದು ವೈದ್ಯಕೀಯ ಪಠ್ಯಗಳ ಮೊದಲ ಪಾಠ. ಅದು ಮಾರುಕಟ್ಟೆಯಲ್ಲಿ ಉಳಿಯಲಿ ಎಂದು ತೋರುವ ಕಾಳಜಿಯನ್ನು ಸ್ಟೀರಾಯ್ಡ್ ಇನ್ಹೇಲರ್ ಹಳ್ಳಿ ತಲುಪಲಿ ಎಂಬುದಕ್ಕೂ ತೋರಬೇಡವೇ?

ವಿಮೆಯ ವಿಚಾರದಲ್ಲೂ ಇದೇ ಕಥೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಂತಹ ಯೋಜನೆಗಳ ಒತ್ತು ಆಸ್ಪತ್ರೆಗೆ ದಾಖಲಾದವರ ಮೇಲೆ. ಉಸಿರು ಕಟ್ಟಿ ದಾಖಲಾದವರ ವೆಚ್ಚ ಭರಿಸಲು ಸರ್ಕಾರ ಸಿದ್ಧ. ದಾಖಲಾಗದಂತೆ ತಡೆಯುವ, ಅದಕ್ಕಿಂತ ಎಷ್ಟೋ ಅಗ್ಗದ ಇನ್ಹೇಲರಿಗೆ ರೋಗಿ ತನ್ನ ಜೇಬಿನಿಂದಲೇ ತೆರಬೇಕು. ವಿಶ್ವ ಅಸ್ತಮಾ ದಿನದ 2025ರ ಘೋಷವಾಕ್ಯ ‘ಸೇದುವ ಔಷಧ ಎಲ್ಲರಿಗೂ ದೊರೆಯಲಿ’ ಎಂಬುದಾಗಿತ್ತು. ಅದು ನಮ್ಮನ್ನೇ ಉದ್ದೇಶಿಸಿ ಬರೆದಂತಿತ್ತು.

ಗಂಟೆ ಬಾರಿಸುವವರು ಯಾರು?

ಔಷಧದ ಮಾತು ಮುಗಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಅಪಾಯದ ಗಂಟೆಯನ್ನು ಪದೇ ಪದೇ ಬಾರಿಸುತ್ತಿರುವವರು ಯಾರು? ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಇಪ್ಪತ್ತು ಸಾವಿರ ಮಕ್ಕಳ ದಾಖಲೆಗಳನ್ನು ಆಧರಿಸಿ, 1979ರಲ್ಲಿ ಶೇ 9ರಷ್ಟಿದ್ದ ಅಸ್ತಮಾ 1999ರ ವೇಳೆಗೆ ಶೇ 29.5ಕ್ಕೆ ಏರಿದೆಯೆಂದು ವರದಿ ಮಾಡಿದ್ದರು. ಈ ಅಂಕಿಯನ್ನು ‘ಬೆಂಗಳೂರಿನ ಮೂರರಲ್ಲಿ ಒಂದು ಮಗುವಿಗೆ ಅಸ್ತಮಾ’ ಎಂದು ತಪ್ಪಾಗಿ ಉಲ್ಲೇಖಿಸುವುದುಂಟು. ಅದು ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕ, ಇಡೀ ನಗರದ್ದಲ್ಲ. ಅದೇ ವರದಿಯಲ್ಲಿದ್ದ ಇನ್ನೊಂದು ಸಮೀಕ್ಷೆ ಹೆಚ್ಚು ಮಾತಾಡುತ್ತದೆ. ಹನ್ನೆರಡು ಶಾಲೆಗಳ 6,550 ಮಕ್ಕಳಲ್ಲಿ, ವಾಹನ ದಟ್ಟಣೆ ಕಡಿಮೆಯಿದ್ದ ಕಡೆ ಅಸ್ತಮಾ ಪ್ರಮಾಣ ಶೇ 11.15, ದಟ್ಟಣೆ ಹೆಚ್ಚಿದ್ದ ಕಡೆ ಶೇ 19.34, ದಟ್ಟಣೆಯ ಜೊತೆಗೆ ಬಡತನವೂ ಇದ್ದ ಕಡೆ ಶೇ 31.14. ಗ್ರಾಮೀಣ ಮಕ್ಕಳಲ್ಲಿ ಅದು ಶೇ 5.7 ಮಾತ್ರ.

ಡೀಸೆಲ್ ಕಣಗಳು ಶ್ವಾಸನಾಳದ ಒಳಪದರದಿಂದ ಟಿಎಸ್‌ಎಲ್‌ಪಿಯಂತಹ ಅಣುಗಳನ್ನು ಹೊರಡಿಸುತ್ತವೆ ಎಂಬುದನ್ನು ಪ್ರಯೋಗಾಲಯಗಳು ತೋರಿಸಿವೆ. ಆ ಶಾಲೆಗಳ ಅಂಕಿಗಳಿಗೆ ಈಗ ಒಂದು ಅಣುಮಟ್ಟದ ವಿವರಣೆ ದೊರೆತಂತಾಗಿದೆ. ಲಂಡನ್ನಿನ ಒಂಬತ್ತು ವರ್ಷದ ಬಾಲಕಿ ಎಲ್ಲಾ ಕಿಸ್ಸಿ-ಡೆಬ್ರಾ 2013ರಲ್ಲಿ ಅಸ್ತಮಾದಿಂದ ತೀರಿಕೊಂಡಾಗ ಆಕೆಯ ಮನೆ ದಟ್ಟಣೆಯ ಹೆದ್ದಾರಿಯ ಸಮೀಪವಿತ್ತು. 2020ರ ಡಿಸೆಂಬರಿನಲ್ಲಿ ಅಲ್ಲಿನ ಮರಣ ವಿಚಾರಣಾಧಿಕಾರಿ ಸಾವಿನ ಕಾರಣಗಳಲ್ಲಿ ವಾಯುಮಾಲಿನ್ಯವನ್ನೂ ದಾಖಲಿಸಿದರು. ನಮ್ಮಲ್ಲಿ ಅಂತಹ ಸಾವುಗಳು ಆಗುತ್ತಿಲ್ಲವೆಂದಲ್ಲ, ದಾಖಲಾಗುತ್ತಿಲ್ಲ. ಮಗುವಿಗೆ ಸ್ಟೀರಾಯ್ಡ್ ಕೊಟ್ಟು ಮತ್ತೆ ಅದೇ ಹೊಗೆಯ ರಸ್ತೆಯಂಚಿನ ಶಾಲೆಗೆ ಕಳುಹಿಸುವುದು ಒಂದು ಕೈಯಲ್ಲಿ ನೀರು, ಇನ್ನೊಂದು ಕೈಯಲ್ಲಿ ಎಣ್ಣೆ ಸುರಿದಂತೆ.

ಆಗಬೇಕಾದದ್ದು

ಫಿನ್ಲೆಂಡ್ 1994ರಿಂದ ಹತ್ತು ವರ್ಷ ನಡೆಸಿದ ರಾಷ್ಟ್ರೀಯ ಅಸ್ತಮಾ ಕಾರ್ಯಕ್ರಮ ಇಲ್ಲಿ ಸ್ಮರಣೀಯ. ಅವರು ಬಳಸಿದ್ದು ಯಾವ ದುಬಾರಿ ಔಷಧವನ್ನೂ ಅಲ್ಲ. ಅಸ್ತಮಾವೆಂದರೆ ಉರಿಯೂತ, ಅದಕ್ಕೆ ಆರಂಭದಲ್ಲೇ ಸ್ಟೀರಾಯ್ಡ್ ಇನ್ಹೇಲರ್ ಕೊಡಬೇಕು ಎಂಬುದನ್ನು ಸ್ಥಳೀಯ ವೈದ್ಯರು, ದಾದಿಯರು ಮತ್ತು ಔಷಧ ಅಂಗಡಿಯವರಿಗೆ ಕಲಿಸಿದರು. 1993ರಲ್ಲಿ ಸುಮಾರು 1.1 ಲಕ್ಷವಿದ್ದ ಅಸ್ತಮಾ ರೋಗಿಗಳ ಆಸ್ಪತ್ರೆವಾಸದ ದಿನಗಳು 2003ರ ಹೊತ್ತಿಗೆ 51 ಸಾವಿರಕ್ಕೆ ಇಳಿದವು. ಫಿನ್ಲೆಂಡ್ ಪುಟ್ಟ ಶ್ರೀಮಂತ ದೇಶ, ನಿಜ. ಆದರೆ ಅವರ ಕಾರ್ಯಕ್ರಮದ ತಿರುಳು ಹಣಕ್ಕಿಂತ ತಿಳಿವಳಿಕೆಯದು.

ಕರ್ನಾಟಕ ಮಾಡಬಹುದಾದ ಕೆಲಸಗಳು ಸ್ಪಷ್ಟವಾಗಿವೆ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಸ್ಟೀರಾಯ್ಡ್ ಇನ್ಹೇಲರ್ ಉಚಿತವಾಗಿ, ವರ್ಷವಿಡೀ ದೊರೆಯಬೇಕು. ಅದನ್ನು ಸೇದುವ ಕ್ರಮವನ್ನು ತೋರಿಸಿಕೊಡಲು ದಾದಿಯರಿಗೂ ಆಶಾ ಕಾರ್ಯಕರ್ತೆಯರಿಗೂ ತರಬೇತಿ ಬೇಕು. ತಪ್ಪಾಗಿ ಸೇದಿದರೆ ಒಳ್ಳೆಯ ಔಷಧವೂ ಗಂಟಲಲ್ಲೇ ಉಳಿಯುತ್ತದೆ. ತೀವ್ರ ರೋಗಿಗಳನ್ನು ಗುರುತಿಸಲು ಮೊದಲ ಹೆಜ್ಜೆಗೆ ದುಬಾರಿ ಯಂತ್ರ ಬೇಕಿಲ್ಲ. ತಾಲ್ಲೂಕು ಆಸ್ಪತ್ರೆಯ ಸಾಧಾರಣ ರಕ್ತ ಪರೀಕ್ಷೆಯಲ್ಲೇ ಇಯೊಸಿನೊಫಿಲ್ ಎಣಿಕೆ ಸಿಗುತ್ತದೆ. ಆದರೆ ಹುಳುಬಾಧೆಯೂ ಅದೇ ಎಣಿಕೆಯನ್ನು ಏರಿಸುವುದರಿಂದ ಪಾಶ್ಚಾತ್ಯ ದೇಶಗಳ ಮಾನದಂಡವನ್ನು ಕಣ್ಣುಮುಚ್ಚಿ ಅನ್ವಯಿಸುವಂತಿಲ್ಲ. ನಮ್ಮ ರೋಗಿಗಳಿಗೆ ನಮ್ಮದೇ ಅಳತೆಗೋಲು ಬೇಕು. ಅದು ನಮ್ಮ ವೈದ್ಯಕೀಯ ಕಾಲೇಜುಗಳು ಕೈಗೆತ್ತಿಕೊಳ್ಳಬೇಕಾದ ಸಂಶೋಧನೆ.

ಇನ್ನು ದುಬಾರಿ ಪ್ರತಿಕಾಯಗಳ ವಿಚಾರ. ಈ ಸಾಲಿನ ಮೊದಲ ಔಷಧ, 2003ರಲ್ಲಿ ಬಂದ ಒಮಾಲಿಜುಮ್ಯಾಬ್‌ನ ತದ್ರೂಪಿಗೆ ಐರೋಪ್ಯ ಒಕ್ಕೂಟ 2024ರಲ್ಲಿ, ಅಮೆರಿಕ 2025ರಲ್ಲಿ ಅನುಮತಿ ನೀಡಿವೆ. ಅದನ್ನು ರೂಪಿಸಿದ್ದು ದಕ್ಷಿಣ ಕೊರಿಯಾದ ಕಂಪನಿ. ಇಂಥ ತದ್ರೂಪಿಗಳ ತಯಾರಿಕೆಯಲ್ಲಿ ಬೆಂಗಳೂರು ಹಿಂದೆ ಬಿದ್ದಿಲ್ಲ. ಇಂಟರ್‌ಲ್ಯೂಕಿನ್ 12 ಮತ್ತು 23ನ್ನು ತಡೆಯುವ, ಸೋರಿಯಾಸಿಸ್ ಮತ್ತು ಕರುಳಿನ ಉರಿಯೂತಕ್ಕೆ ಬಳಸುವ ಔಷಧದ ತದ್ರೂಪಿಯನ್ನು ಇಲ್ಲಿನ ಬಯೋಕಾನ್ ಸಮೂಹ ರೂಪಿಸಿದ್ದು, 2024ರಲ್ಲಿ ಅದಕ್ಕೆ ಅಮೆರಿಕದ ಮನ್ನಣೆ ದೊರೆಯಿತು. ಕೌಶಲ ನಮ್ಮ ನಗರದಲ್ಲೇ ಇದೆ. ಅಸ್ತಮಾದ ಔಷಧಗಳ ಹಕ್ಕುಸ್ವಾಮ್ಯ ಒಂದೊಂದಾಗಿ ತೆರವಾಗುತ್ತ ಹೋದಂತೆ, ಸರ್ಕಾರ ಖರೀದಿಯ ಭರವಸೆ ಕೊಟ್ಟು ಬೆಲೆ ಇಳಿಸುವ ಒಪ್ಪಂದ ಮಾಡಿಕೊಳ್ಳಲು ಇದು ಸಕಾಲ.

ಆದರೆ ಆದ್ಯತೆಯ ಕ್ರಮ ತಪ್ಪಬಾರದು. ಅತ್ಯಾಧುನಿಕ ಚುಚ್ಚುಮದ್ದು ಕೆಲವರ ಬದುಕನ್ನು ಬದಲಿಸುತ್ತದೆ. ಅರ್ಧ ಶತಮಾನ ಹಳೆಯ ಇನ್ಹೇಲರ್ ಲಕ್ಷಾಂತರ ಮಂದಿಯ ಬದುಕನ್ನು ಉಳಿಸುತ್ತದೆ. ಶುದ್ಧ ಗಾಳಿ ಎಷ್ಟೋ ಮಕ್ಕಳಿಗೆ ಈ ಎರಡರ ಅಗತ್ಯವೂ ಬೀಳದಂತೆ ಕಾಯುತ್ತದೆ. ವಿಜ್ಞಾನಿಗಳು ನಾಲ್ಕು ದಶಕ ಶ್ರಮಿಸಿ ಶ್ವಾಸನಾಳದೊಳಗಿನ ಸಂದೇಶಗಳನ್ನು ಓದಿ ಹೇಳಿದ್ದಾರೆ. ಆ ಸಂದೇಶ ವಿಧಾನಸೌಧವನ್ನೂ, ಹಳ್ಳಿಯ ಆಸ್ಪತ್ರೆಯ ಔಷಧ ಕಪಾಟನ್ನೂ ತಲುಪುವವರೆಗೆ, ರಾತ್ರಿ ಹಾಸಿಗೆಯ ಮೇಲೆ ಎದ್ದು ಕುಳಿತು ಉಸಿರಿಗಾಗಿ ಬಾಯಿ ತೆರೆಯುವ ಮಗುವಿಗೆ ಅದರಿಂದ ಆಗುವ ಪ್ರಯೋಜನ ಅತ್ಯಲ್ಪ.